1971ರ ಪೂರ್ವ ಬಂಗಾಳದ ನಿರಾಶ್ರಿತರು: ಸರ್ಕಾರಗಳು ಏನು ಮಾಡಿದವು? ಪದೇ ಪದೇ ಕೇಳುವ ಪ್ರಶ್ನೆಗಳು

1971 ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡಿಸೆಂಬರಿನ ಹದಿಮೂರು ದಿನಗಳ ಯುದ್ಧ. ನನ್ನ ಮನಸ್ಸು ಮಾತ್ರ ಅದಕ್ಕೆ ಮುಂಚಿನ ಎಂಟು ತಿಂಗಳಲ್ಲೇ ನಿಲ್ಲುತ್ತದೆ. ಆ ಎಂಟು ತಿಂಗಳಲ್ಲಿ ಆಗಿನ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಈ ವಿಷಯ ಮಾತಾಡಿದಾಗಲೆಲ್ಲ, ಬರೆದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲಿಗೆ

ಯುದ್ಧ ಶುರುವಾಗಿದ್ದು ಡಿಸೆಂಬರಿನಲ್ಲಿ ಅಲ್ವಾ? ಜನ ಏಪ್ರಿಲ್‌ನಲ್ಲೇ ಯಾಕೆ ಓಡಿ ಬಂದರು?

ಅವರು ಓಡಿ ಬಂದದ್ದು ತಮ್ಮದೇ ದೇಶದ ಸೈನ್ಯಕ್ಕೆ ಹೆದರಿ. ಆಗ ಪಾಕಿಸ್ತಾನ ಎರಡು ತುಂಡು. ನಡುವೆ ಸುಮಾರು 1,600 ಕಿಲೋಮೀಟರ್ ಭಾರತ. ಜನಸಂಖ್ಯೆ ಜಾಸ್ತಿ ಇದ್ದದ್ದು ಪೂರ್ವದಲ್ಲಿ, ಅಧಿಕಾರ ಇದ್ದದ್ದು ಪಶ್ಚಿಮದಲ್ಲಿ. ಬಂಗಾಳಿಗೂ ಮಾನ್ಯತೆ ಬೇಕು ಎಂದು ಕೇಳಿದ ವಿದ್ಯಾರ್ಥಿಗಳ ಮೇಲೆ 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಗುಂಡು ಹಾರಿಸಿದ್ದರು. ಅಂದಿನಿಂದಲೇ ಮನಸ್ಸು ಮುರಿದಿತ್ತು. 1970ರ ನವೆಂಬರಿನಲ್ಲಿ ಭೀಕರ ಚಂಡಮಾರುತ ಬಂದು ಲಕ್ಷಾಂತರ ಜನ ಸತ್ತರು. ಸರ್ಕಾರ ಸರಿಯಾಗಿ ನೆರವಿಗೆ ಬರಲಿಲ್ಲ ಎಂಬ ಸಿಟ್ಟು ಅದರ ಮೇಲೆ ಸೇರಿಕೊಂಡಿತು.

ಮರುತಿಂಗಳೇ ಚುನಾವಣೆ. ಶೇಖ್ ಮುಜೀಬರ ಅವಾಮಿ ಲೀಗ್ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತು. ಇಡೀ ಪಾಕಿಸ್ತಾನಕ್ಕೇ ಬಹುಮತ. ಅಧ್ಯಕ್ಷ ಯಾಹ್ಯಾ ಖಾನ್ ಸಂಸತ್ತಿನ ಅಧಿವೇಶನವನ್ನೇ ಮುಂದೂಡಿದರು. ಮಾರ್ಚ್ 25ರ ರಾತ್ರಿ ಸೈನ್ಯ ಢಾಕಾದ ಬೀದಿಗಿಳಿಯಿತು. ವಿಶ್ವವಿದ್ಯಾಲಯದ ಹಾಸ್ಟೆಲ್, ಪೊಲೀಸ್ ಲೈನು, ಹಿಂದೂಗಳಿದ್ದ ಹಳೇ ಪೇಟೆಯ ಕೇರಿಗಳು ಗುಂಡಿಗೆ ಗುರಿಯಾದವು. ಆಮೇಲೆ ಅದೇ ಕೆಲಸ ಹಳ್ಳಿಗಳಲ್ಲಿ ನಡೆಯಿತು. ಜನ ಉಟ್ಟ ಬಟ್ಟೆಯಲ್ಲಿ ಗಡಿಯ ಕಡೆ ಹೊರಟರು.

ಒಂದು ಕೋಟಿ ಅಂತಾರೆ. ಸುಮ್ನೆ ದೊಡ್ಡದು ಮಾಡಿ ಹೇಳೋದಾ?

ಅಲ್ಲ. ಭಾರತ ಸರ್ಕಾರದ ಲೆಕ್ಕ 98,99,305. ಇದರಲ್ಲಿ ಸುಮಾರು 68 ಲಕ್ಷ ಜನ 825 ಶಿಬಿರಗಳಲ್ಲಿದ್ದರು. ಉಳಿದವರು ನೆಂಟರಿಷ್ಟರ ಮನೆ, ಗೊತ್ತಿದ್ದವರ ಜಗಲಿ ಸೇರಿದರು. ಪಾಕಿಸ್ತಾನ ಮಾತ್ರ ಹೋದವರು 20 ಲಕ್ಷ ಅಷ್ಟೇ ಎನ್ನುತ್ತಿತ್ತು.

ಒಟ್ಟು ಸಂಖ್ಯೆಗಿಂತ ನನ್ನನ್ನು ಅಲುಗಾಡಿಸುವುದು ತ್ರಿಪುರಾದ ಲೆಕ್ಕ. ಆಗ ಅಲ್ಲಿಯ ಜನಸಂಖ್ಯೆ ಸುಮಾರು 15.5 ಲಕ್ಷ. ಬಂದವರು 14 ಲಕ್ಷ. ನಿಮ್ಮ ಊರಿನಲ್ಲಿ ಇರುವಷ್ಟೇ ಮಂದಿ ಇನ್ನೊಮ್ಮೆ ಬಂದು ಇಳಿದರೆ ಬಾವಿ, ಶಾಲೆ, ಸಂತೆ, ಆಸ್ಪತ್ರೆ ಏನಾಗಬಹುದು, ಯೋಚಿಸಿ. ಪಶ್ಚಿಮ ಬಂಗಾಳಕ್ಕೆ ಸುಮಾರು 75 ಲಕ್ಷ, ಮೇಘಾಲಯಕ್ಕೆ 6.7 ಲಕ್ಷ, ಅಸ್ಸಾಮಿಗೆ 3 ಲಕ್ಷಕ್ಕೂ ಹೆಚ್ಚು ಜನ ಬಂದರು.

ಬಂದವರನ್ನು ಎಲ್ಲಿಟ್ಟರು? ಹೊಟ್ಟೆಗೆ ಏನು ಕೊಟ್ಟರು?

ಮೊದಲು ಶಾಲೆಗಳಲ್ಲಿ. ಶಾಲೆ ತುಂಬಿದ ಮೇಲೆ ಟಾರ್ಪಾಲು, ಬಿದಿರು, ಹುಲ್ಲಿನ ಗುಡಿಸಲು. ಕಲ್ಕತ್ತಾದ ಅಂಚಿನ ಸಾಲ್ಟ್ ಲೇಕ್‌ನಲ್ಲಿ ಎಷ್ಟೋ ಸಂಸಾರಗಳು ಚರಂಡಿಗೆಂದು ತಂದಿಟ್ಟಿದ್ದ ದೊಡ್ಡ ಸಿಮೆಂಟ್ ಪೈಪುಗಳ ಒಳಗೆ ದಿನ ಕಳೆದವು. ನೆರೆ ಬಂದಾಗ ನಮ್ಮಲ್ಲಿ ತೆರೆಯುತ್ತಾರಲ್ಲ ಗಂಜಿ ಕೇಂದ್ರ, ಅಂಥವನ್ನು ನೂರಾರು ಕಡೆ, ತಿಂಗಳುಗಟ್ಟಲೆ ನಡೆಸಬೇಕಾಯಿತು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು ತಲೆಗಿಷ್ಟು ಎಂದು ಅಳೆದು ಕೊಡುತ್ತಿದ್ದರು. ಗಡಿ ರಾಜ್ಯಗಳ ಭಾರ ಇಳಿಸಲು ಒಂದಷ್ಟು ಜನರನ್ನು ರೈಲಿನಲ್ಲಿ ಆಗ ಮಧ್ಯಪ್ರದೇಶದಲ್ಲಿದ್ದ ರಾಯಪುರದ ಹತ್ತಿರದ ಮಾನಾ ಶಿಬಿರದ ತನಕ ಕಳಿಸಿದರು.

ಮಳೆ ಹಿಡಿದ ಮೇಲೆ ಕಾಲರಾ ಬಂತು. ಗಡಿಯ ಬನ್‌ಗಾಂವ್ ಆಸ್ಪತ್ರೆಯಲ್ಲಿ ಡಾ. ದಿಲೀಪ್ ಮಹಲನಬೀಸ್ ಇದ್ದರು. ವಾರ್ಡಿನಲ್ಲಿ ಜಾಗ ಇಲ್ಲ, ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನ್ ಖಾಲಿಯಾಗುತ್ತಾ ಬಂತು. ಏರಿಸಲು ಗೊತ್ತಿದ್ದವರೂ ಕಮ್ಮಿ. ಆಗ ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳತೆಯಂತೆ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಯ ತಾಯಿ, ತಂಗಿ, ಗಂಡ ಯಾರಿದ್ದರೋ ಅವರೇ ಲೋಟದಲ್ಲಿ ಹಿಡಿದು ಕುಡಿಸಬೇಕು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಇವತ್ತು ಮೆಡಿಕಲ್ ಶಾಪಿನಲ್ಲಿ ನಾವು ಕೇಳಿ ತರುವ ಓಆರ್‌ಎಸ್ ಪೊಟ್ಟಣದ ಮೇಲೆ ವೈದ್ಯರಿಗೆ ನಂಬಿಕೆ ಗಟ್ಟಿಯಾದದ್ದು ಆ ಶಿಬಿರದ ನೆಲದ ಮೇಲೆ. 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ಇನ್ನೊಂದು ಸಣ್ಣ ನೆನಪು ಬಂಗಾಳದಲ್ಲಿ ಉಳಿದಿದೆ. ನಾವು ಮದ್ರಾಸ್ ಐ ಅನ್ನುವ ಕಣ್ಣುಬೇನೆ ಆ ವರ್ಷ ಶಿಬಿರಗಳ ಜೊತೆ ಊರೂರಿಗೆ ಹಬ್ಬಿತು. ಅಲ್ಲಿಯ ಜನ ಅದನ್ನು ಬಾಂಗ್ಲಾ ಹೋರಾಟದ ಘೋಷಣೆಯ ಹೆಸರಲ್ಲೇ 'ಜೊಯ್ ಬಾಂಗ್ಲಾ' ಎಂದು ಕರೆದರು. ಆ ಹೆಸರು ಹೋಗಿಲ್ಲ.

ನಮ್ಮ ತಾತನ ಹಳೇ ಕಾಗದಗಳ ಮೇಲೆ 'ರೆಫ್ಯೂಜಿ ರಿಲೀಫ್' ಅಂತ ಐದು ಪೈಸೆ ಸ್ಟಾಂಪ್ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಜೋಪಾನವಾಗಿಡಿ. 1971ರ ನವೆಂಬರ್ 15ರಿಂದ ಅಂಚೆಗೆ ಹಾಕುವ ಕಾಗದಕ್ಕೆ ಐದು ಪೈಸೆ ನಿರಾಶ್ರಿತರ ತೆರಿಗೆ ಸೇರಿತು. ಹೊಸ ಸ್ಟಾಂಪ್ ಅಚ್ಚಾಗುವ ತನಕ, ಬಳಕೆಯಲ್ಲಿದ್ದ ಕುಟುಂಬ ಯೋಜನೆಯ ಐದು ಪೈಸೆ ಸ್ಟಾಂಪಿನ ಮೇಲೇ 'ರೆಫ್ಯೂಜಿ ರಿಲೀಫ್' ಎಂದು ಒತ್ತಿ ಕೊಟ್ಟರು. 1973ರ ಮಾರ್ಚ್ ತನಕ ಅದು ನಡೆಯಿತು. ರೈಲು ಟಿಕೆಟಿನ ಮೇಲೂ ತೆರಿಗೆ ಬಿತ್ತು. ಆಗಿನ ಮೈಸೂರು ರಾಜ್ಯದ ಹಳ್ಳಿಯಲ್ಲಿ ಕೂತು ಮಗಳಿಗೆ ಕಾಗದ ಬರೆದವರೂ ಬನ್‌ಗಾಂವ್‌ನ ಗಂಜಿಗೆ ಐದು ಪೈಸೆ ಕೊಟ್ಟಿದ್ದಾರೆ. ನಮ್ಮ ಮನೆಯ ಟ್ರಂಕಿನಲ್ಲೂ ಅಂಥ ಎರಡು ಲಕೋಟೆಗಳಿವೆ.

ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲಿ ಇರುವವರು ಇವರೇನಾ?

ಹೆಚ್ಚಿನವರು ಇವರಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ 1971ಕ್ಕೆ ಮುಂಚೆಯೇ ಬಂದ ಹಿಂದೂ ಕುಟುಂಬಗಳಿಗಾಗಿ ಆದವು. ಅವರಿಗೆ ಜಮೀನು ಕೊಟ್ಟು ನೆಲೆ ನಿಲ್ಲಿಸುವುದು ಸರ್ಕಾರದ ಉದ್ದೇಶ. 1971ರ ಮಾರ್ಚ್ 25ರ ನಂತರ ಬಂದವರ ವಿಷಯದಲ್ಲಿ ನಿಲುವು ಪೂರಾ ಬೇರೆ. ಅವರಿಗೆ ನೆಲ ಇಲ್ಲ, ಪೌರತ್ವ ಇಲ್ಲ. ಅನ್ನ, ನೆರಳು, ಔಷಧ ಅಷ್ಟೇ. ಒಂದಲ್ಲ ಒಂದು ದಿನ ವಾಪಸ್ ಹೋಗಲೇಬೇಕು ಎಂಬ ಷರತ್ತಿನ ಮೇಲೆ ಅವರನ್ನು ಒಳಗೆ ಬಿಟ್ಟದ್ದು.

## ಬೇರೆ ಬೇರೆ ಸರ್ಕಾರಗಳು

ಭಾರತ ಗಡಿಯನ್ನು ಯಾಕೆ ಮುಚ್ಚಲಿಲ್ಲ?

ಮುಚ್ಚಲು ಆಗುತ್ತಲೂ ಇರಲಿಲ್ಲ, ಮುಚ್ಚುವ ಮನಸ್ಸೂ ಇರಲಿಲ್ಲ. ಆ ಗಡಿ ಗದ್ದೆ, ಹೊಳೆ, ಕಾಡುಗಳಲ್ಲಿ ಹಾದುಹೋಗುತ್ತದೆ. ಎರಡೂ ಕಡೆ ಒಂದೇ ಮಾತು, ಒಂದೇ ನೆಂಟಸ್ತನ. ಮಾರ್ಚ್ 31ರಂದೇ ಸಂಸತ್ತು ಪೂರ್ವ ಬಂಗಾಳದ ಜನರ ಪರ ಠರಾವು ಮಾಡಿತ್ತು. ಜನಾಭಿಪ್ರಾಯವೂ ಹಾಗೇ ಇತ್ತು.

ಇಲ್ಲಿ ಒಂದು ಮಾತು ನೆನಪಿಡಬೇಕು. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿರಲಿಲ್ಲ, ಇವತ್ತಿಗೂ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಅಂದರೆ ಆ ಒಂದು ಕೋಟಿ ಜನರಿಗೆ ಸಿಕ್ಕ ಆಸರೆ ಕಾನೂನಿನ ಹಕ್ಕಾಗಿ ಸಿಕ್ಕಿದ್ದಲ್ಲ. ಆಗಿನ ಸರ್ಕಾರ ಮನಸ್ಸು ಮಾಡಿತು, ಸಿಕ್ಕಿತು. ಮನಸ್ಸಿಲ್ಲದ ಸರ್ಕಾರ ಇದ್ದಿದ್ದರೆ ಕೇಳಲು ಅವರಿಗೆ ಯಾವ ಆಧಾರವೂ ಇರಲಿಲ್ಲ. ಅಲ್ಲಿ ತೋರಿದ ಔದಾರ್ಯ ನನಗೆ ಹೆಮ್ಮೆ. ಅದು ಹೀಗೆ ಮನಸ್ಸಿನ ಮೇಲೆ ನಿಂತಿತ್ತು ಅನ್ನುವುದು ಅಷ್ಟೇ ದಿಗಿಲು.

ಅಮೆರಿಕಕ್ಕೆ ಇದೆಲ್ಲ ಗೊತ್ತಿರಲಿಲ್ವಾ?

ಗೊತ್ತಿತ್ತು. ಮೊದಲ ವಾರದಿಂದಲೇ ಗೊತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಮರೆಯಲಾಗದ ಭಾಗ ಇದೇ.

ಢಾಕಾದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್. ಮಾರ್ಚ್ 28ರಂದೇ ಅವರು ವಾಷಿಂಗ್ಟನ್‌ಗೆ ತಂತಿ ಕಳಿಸಿ, ಇಲ್ಲಿ ಆಯ್ದು ಆಯ್ದು ಜನಾಂಗ ಹತ್ಯೆ ನಡೆಯುತ್ತಿದೆ ಎಂದರು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಕೆನೆತ್ ಕೀಟಿಂಗ್ ಕೂಡ ಮರುದಿನ ಅದೇ ದನಿಯಲ್ಲಿ ಬರೆದರು. ಉತ್ತರ ಬರಲಿಲ್ಲ. ಏಪ್ರಿಲ್ 6ರಂದು ಢಾಕಾದ 20 ಅಮೆರಿಕನ್ ಅಧಿಕಾರಿಗಳು ಸಹಿ ಹಾಕಿದ ಇನ್ನೊಂದು ತಂತಿ ಹೋಯಿತು. ನಮ್ಮ ಸರ್ಕಾರ ಪ್ರಜಾಪ್ರಭುತ್ವ ತುಳಿಯುವುದನ್ನು ಖಂಡಿಸಲಿಲ್ಲ, ದೌರ್ಜನ್ಯವನ್ನು ಖಂಡಿಸಲಿಲ್ಲ, ನಮಗೆ ಇದು ಒಪ್ಪಿಗೆ ಇಲ್ಲ ಎಂಬುದು ಅದರ ಸಾರ. ಸ್ವಂತ ಸರ್ಕಾರದ ವಿರುದ್ಧ ಸಹಿ ಹಾಕಿದರೆ ನೌಕರಿಗೆ ಪೆಟ್ಟು ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು.

ಅಧ್ಯಕ್ಷ ನಿಕ್ಸನ್ ಏಪ್ರಿಲ್ 28ರ ಕಡತದ ಮೇಲೆ ಕೈಯಾರೆ ಬರೆದ ಸೂಚನೆ ಇದೆ: ಈಗ ಯಾಹ್ಯಾ ಮೇಲೆ ಒತ್ತಡ ಹಾಕಬೇಡಿ. ಯಾಕೆ ಎಂಬುದು ಜುಲೈನಲ್ಲಿ ತಿಳಿಯಿತು. ನಿಕ್ಸನ್ ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದು, ಹೊಟ್ಟೆನೋವು ಎಂದು ನೆಪ ಹೇಳಿ, ಅಲ್ಲಿಂದ ಗುಟ್ಟಾಗಿ ಚೀನಾಕ್ಕೆ ಹೋಗಿ ಬಂದಿದ್ದರು. ಚೀನಾದ ಬಾಗಿಲು ತೆರೆಯಲು ಯಾಹ್ಯಾ ಮಧ್ಯವರ್ತಿ. ಆ ಸ್ನೇಹಕ್ಕೆ ಢಾಕಾದ ಹೆಣಗಳು ಅಡ್ಡ ಬರಬಾರದಿತ್ತು.

ಇನ್ನೊಂದು ಮುಖವನ್ನೂ ಹೇಳಬೇಕು. ಶಿಬಿರಗಳಿಗೆ ಅಮೆರಿಕ ಸಾಕಷ್ಟು ಹಣ, ಧಾನ್ಯ ಕೊಟ್ಟಿತು. ಸೆನೆಟರ್ ಎಡ್ವರ್ಡ್ ಕೆನಡಿ ಆಗಸ್ಟಿನಲ್ಲಿ ಶಿಬಿರಗಳ ಕೆಸರಲ್ಲಿ ಓಡಾಡಿ ಹೋಗಿ, ತಮ್ಮ ಸರ್ಕಾರವನ್ನೇ ಕಟುವಾಗಿ ಟೀಕಿಸಿದರು. ಓಡಿ ಬಂದವರಿಗೆ ಅನ್ನ ಕೊಡುವುದು, ಓಡಿಸುತ್ತಿದ್ದವರನ್ನು ತಡೆಯದೇ ಇರುವುದು. ಎರಡೂ ಒಂದೇ ಸರ್ಕಾರದ ಕೆಲಸ.

ಸೈನ್ಯ ಪತ್ರಕರ್ತರನ್ನು ಹೊರಹಾಕಿತ್ತಂತೆ. ಹಾಗಾದರೆ ಜಗತ್ತಿಗೆ ಹೇಗೆ ತಿಳಿಯಿತು?

ನಿರಾಶ್ರಿತರ ಬಾಯಿಂದ ಸ್ವಲ್ಪ ಸ್ವಲ್ಪವೇ ತಿಳಿಯುತ್ತಿತ್ತು. ದೊಡ್ಡ ಸಾಕ್ಷ್ಯ ಕೊಟ್ಟವರು ಆಂಥೋಣಿ ಮಸ್ಕರೇನ್ಹಸ್. ಅವರು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ. ಓದಿದ್ದು, ಕೆಲಸ ಮಾಡಿದ್ದು ಕರಾಚಿಯಲ್ಲಿ. ಎಲ್ಲ ಶಾಂತವಾಗಿದೆ ಎಂದು ಬರೆಸಲು ಸೈನ್ಯ ಏಪ್ರಿಲ್‌ನಲ್ಲಿ ಎಂಟು ಜನ ಪತ್ರಕರ್ತರನ್ನು ಪೂರ್ವಕ್ಕೆ ಕರೆದೊಯ್ದಿತು. ಅವರಲ್ಲಿ ಇವರೂ ಒಬ್ಬರು. ಕೊಲ್ಲಲು ಹೊರಟ ಅಧಿಕಾರಿಗಳು ಇವರ ಎದುರೇ ಯಾವ ಅಳುಕೂ ಇಲ್ಲದೆ ಮಾತಾಡಿದರು.

ನೋಡಿದ್ದನ್ನು ಪಾಕಿಸ್ತಾನದಲ್ಲಿ ಕೂತು ಬರೆಯುವಂತಿರಲಿಲ್ಲ. ಸಹೋದರಿಗೆ ಹುಷಾರಿಲ್ಲ ಎಂದು ಹೇಳಿ ಲಂಡನ್ನಿಗೆ ಹೋಗಿ ಪತ್ರಿಕೆಯೊಂದಿಗೆ ಮಾತಾಡಿ ಬಂದರು. ಆಮೇಲೆ ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿ, ತಾವು ನೆಲದ ದಾರಿಯಲ್ಲಿ ಅಫ್ಘಾನಿಸ್ತಾನಕ್ಕೆ ದಾಟಿದರು. ಜೂನ್ 13ರಂದು ಸಂಡೇ ಟೈಮ್ಸ್‌ನಲ್ಲಿ 'ಜನಾಂಗ ಹತ್ಯೆ' ಎಂಬ ಒಂದೇ ಪದದ ತಲೆಬರಹದಲ್ಲಿ ಅವರ ವರದಿ ಬಂತು. ಅಂದಿನಿಂದ ಯಾವ ಸರ್ಕಾರಕ್ಕೂ ಗೊತ್ತಿಲ್ಲ ಎಂದು ಹೇಳುವ ದಾರಿ ಉಳಿಯಲಿಲ್ಲ. ಅವರ ಹೆಸರು ಬೆಳಗಾವಿಯಲ್ಲೇ ಎಷ್ಟು ಜನಕ್ಕೆ ಗೊತ್ತು ಎಂದು ಆಗಾಗ ಬೇಸರವಾಗುತ್ತದೆ.

ರಷ್ಯಾ ನಮ್ಮ ಪರ, ಚೀನಾ ಅವರ ಪರ. ಅಷ್ಟೇ ತಾನೆ?

ಹೆಚ್ಚುಕಮ್ಮಿ ಅಷ್ಟೇ, ಆದರೆ ಇಬ್ಬರಿಗೂ ಅವರವರ ಲೆಕ್ಕಾಚಾರ ಇತ್ತು. ಸೋವಿಯತ್ ಅಧ್ಯಕ್ಷ ಪೊದ್ಗೋರ್ನಿ ಏಪ್ರಿಲ್ ಮೊದಲಲ್ಲೇ ರಕ್ತಪಾತ ನಿಲ್ಲಿಸಿ ಎಂದು ಯಾಹ್ಯಾಗೆ ಬರೆದರು. ಆಗಸ್ಟ್ 9ರಂದು ಭಾರತದ ಜೊತೆ ಸ್ನೇಹ ಒಪ್ಪಂದವಾಯಿತು. ಚೀನಾ ಇದು ಪಾಕಿಸ್ತಾನದ ಒಳಗಿನ ವಿಷಯ ಎಂದಿತು.

ವಿಶ್ವಸಂಸ್ಥೆ ಏನು ಮಾಡುತ್ತಾ ಕೂತಿತ್ತು?

ನೆರವಿನ ಕೆಲಸ ಮಾಡಿತು. ನಿರಾಶ್ರಿತರ ಹೈಕಮಿಷನರ್ ಸದ್ರುದ್ದೀನ್ ಆಗಾ ಖಾನ್ ಅವರಿಗೆ ಎಲ್ಲ ನೆರವನ್ನೂ ಒಂದುಗೂಡಿಸುವ ಹೊಣೆ ಬಿತ್ತು. ಮೇ ತಿಂಗಳಲ್ಲಿ ಮಹಾ ಕಾರ್ಯದರ್ಶಿ ಊ ಥಾಂಟ್ ಹಣಕ್ಕಾಗಿ ಜಗತ್ತಿಗೆ ಮನವಿ ಮಾಡಿದರು. ಬಂದದ್ದು ಸಾಲಲಿಲ್ಲ, ದೊಡ್ಡ ಹೊರೆ ಭಾರತದ ಮೇಲೇ ಉಳಿಯಿತು.

ಕೊಲೆ ನಿಲ್ಲಿಸುವ ವಿಷಯದಲ್ಲಿ ಮಾತ್ರ ಕೈಚೆಲ್ಲಿತು. ಜುಲೈನಲ್ಲಿ ಊ ಥಾಂಟ್ ಭದ್ರತಾ ಮಂಡಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಮಂಡಳಿ ಈ ವಿಷಯಕ್ಕೆ ಸಭೆ ಸೇರಿದ್ದು ಡಿಸೆಂಬರ್ 4ರಂದು, ಎರಡು ದೇಶಗಳ ನಡುವೆ ಯುದ್ಧ ಹತ್ತಿಕೊಂಡ ಮೇಲೆ. ಒಂದು ದೇಶ ತನ್ನ ಜನರನ್ನು ತಾನೇ ಕೊಂದರೆ ಅದು ಒಳಗಿನ ವಿಷಯ, ಅದರ ಸೈನ್ಯ ಗಡಿ ದಾಟಿದರೆ ಮಾತ್ರ ಜಗತ್ತಿನ ವಿಷಯ! ಡಿಸೆಂಬರ್ 7ರಂದು ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮಕ್ಕೆ ಮತ ಹಾಕಿದವು. ವಿರುದ್ಧ ಬಿದ್ದದ್ದು ಬರೀ 11.

ಪಾಕಿಸ್ತಾನ ತನ್ನ ಜನರನ್ನು ವಾಪಸ್ ಕರೆಯಲೇ ಇಲ್ವಾ?

ಕರೆಯಿತು. ಮೇ ತಿಂಗಳಲ್ಲಿ ಯಾಹ್ಯಾ ಬನ್ನಿ ಎಂದರು, ಗಡಿಯಲ್ಲಿ ಸ್ವಾಗತ ಕೇಂದ್ರಗಳನ್ನೂ ತೆರೆಸಿದರು. ಸೆಪ್ಟೆಂಬರಿನಲ್ಲಿ ಕ್ಷಮಾದಾನ ಘೋಷಿಸಿದರು. ಹೋದವರು ತೀರಾ ಕಮ್ಮಿ. ಮನೆ ಸುಟ್ಟವರೇ ಬಾಗಿಲಲ್ಲಿ ನಿಂತು ಕರೆದರೆ ಯಾರು ಹೋಗುತ್ತಾರೆ? ಅತ್ತ ಕರೆಯುತ್ತಿರುವಾಗಲೇ ಇತ್ತ ದಿನವೂ ಸಾವಿರಾರು ಜನ ಹೊಸದಾಗಿ ಗಡಿ ದಾಟುತ್ತಿದ್ದರು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬಂದವರಲ್ಲಿ ಬಹುಪಾಲು ಹಿಂದೂಗಳಂತೆ. ಸರ್ಕಾರ ಅದನ್ನು ಬಚ್ಚಿಟ್ಟಿತಾ?

ಬಹುಪಾಲು ಹಿಂದೂಗಳೇ ಆಗಿದ್ದರು. ಸೈನ್ಯ ಅವಾಮಿ ಲೀಗಿನವರು, ವಿದ್ಯಾರ್ಥಿಗಳು, ಬಂಗಾಳಿ ಪೊಲೀಸರನ್ನು ಕೊಂದಿತು. ಅವರಲ್ಲಿ ಮುಸ್ಲಿಮರೇ ಜಾಸ್ತಿ. ಹಿಂದೂಗಳನ್ನಾದರೆ ಹಿಂದೂಗಳು ಎಂಬ ಒಂದೇ ಕಾರಣಕ್ಕೆ ಹುಡುಕಿ ಕೊಂದಿತು. ಭಾರತ ಸರ್ಕಾರ ಇದನ್ನು ಬೇಕೆಂದೇ ಒತ್ತಿ ಹೇಳಲಿಲ್ಲ. ಹೇಳಿದರೆ ಇಲ್ಲಿ ಕೋಮುಗಲಭೆ ಏಳುತ್ತದೆ ಎಂಬ ಭಯ ಇತ್ತು. ಇಲ್ಲಿಯ ಮುಸ್ಲಿಮರಿಗೂ ಅಲ್ಲಿಯ ಸೈನ್ಯಕ್ಕೂ ಏನು ಸಂಬಂಧ? ಆದರೆ ಗಲಭೆ ಅದನ್ನೆಲ್ಲ ಕೇಳುವುದಿಲ್ಲ. ಆ ಸಮಯಕ್ಕೆ ಆ ಎಚ್ಚರ ಸರಿಯೇ ಎಂದು ನನ್ನ ಅಭಿಪ್ರಾಯ. ಐವತ್ತು ವರ್ಷ ಕಳೆದ ಮೇಲೂ ಮಾತಾಡಲು ಹಿಂಜರಿಯುವುದು ಮಾತ್ರ ಸರಿಯಲ್ಲ. ಸತ್ತವರಿಗೆ ಅವರ ಸಾವಿನ ಕಾರಣವನ್ನಾದರೂ ನಾವು ನೆಟ್ಟಗೆ ಹೇಳಬೇಕು.

ಭಾರತ ಮಾಡಿದ್ದು ಮರುಕದಿಂದಲೋ, ಪಾಕಿಸ್ತಾನವನ್ನು ಒಡೆಯಬೇಕು ಅಂತಲೋ?

ಎರಡೂ ಇತ್ತು. ಮೇ 24ರಂದು ಇಂದಿರಾ ಗಾಂಧಿ ಲೋಕಸಭೆಯಲ್ಲಿ, ಪಾಕಿಸ್ತಾನ ತನ್ನ ಒಳಗಿನ ಸಮಸ್ಯೆ ಎನ್ನುತ್ತಿದ್ದದ್ದು ಈಗ ಭಾರತದ ಒಳಗಿನ ಸಮಸ್ಯೆಯೂ ಆಗಿದೆ ಎಂದರು. ಖರ್ಚು ತಡೆಯುವಂತಿರಲಿಲ್ಲ. ಈಶಾನ್ಯ ರಾಜ್ಯಗಳಲ್ಲಿ ಕೂಲಿ ಇಳಿದು, ಬೆಲೆ ಏರಿ, ಸ್ಥಳೀಯರ ಸಹನೆ ಕುಸಿಯುತ್ತಿತ್ತು. ಜೊತೆಗೆ ಎದುರಾಳಿ ದುರ್ಬಲವಾಗುವ ಅವಕಾಶವೂ ಕಣ್ಣೆದುರಿಗಿತ್ತು. ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿ ಬಾಹಿನಿಗೆ ಭಾರತ ತರಬೇತಿ, ಶಸ್ತ್ರ ಕೊಟ್ಟಿತು. ಗಡಿಯ ಎರಡೂ ಕಡೆ ವಿಶ್ವಸಂಸ್ಥೆಯ ಪ್ರತಿನಿಧಿಗಳನ್ನು ಇರಿಸುವ ಸಲಹೆ ಬಂದಾಗ ಬೇಡ ಎಂದಿತು.

ಉದ್ದೇಶ ಪೂರಾ ಶುದ್ಧವಾಗಿರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಕೆಟ್ಟದ್ದಾಗುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಇಂದಿರಾ ಗಾಂಧಿ ಯುರೋಪ್, ಅಮೆರಿಕ ಸುತ್ತಿ ಬಂದರು. ಯುದ್ಧ ಇಲ್ಲದೆ ಈ ಜನ ಮನೆಗೆ ಮರಳುವ ದಾರಿಯನ್ನು ಯಾರಾದರೂ ತೋರಿಸಿದ್ದರೆ ಇವತ್ತು ಭಾರತವನ್ನು ತಪ್ಪು ಎನ್ನಬಹುದಿತ್ತು. ಯಾರೂ ತೋರಿಸಲಿಲ್ಲ.

ಸತ್ತವರು ಮೂವತ್ತು ಲಕ್ಷವೋ, ಮೂರು ಲಕ್ಷವೋ?

ಬಾಂಗ್ಲಾದೇಶ ಅಧಿಕೃತವಾಗಿ ಹೇಳುವುದು 30 ಲಕ್ಷ. ಯುದ್ಧದ ಸೋಲನ್ನು ತನಿಖೆ ಮಾಡಿದ ಪಾಕಿಸ್ತಾನದ ಹಮೂದುರ್ ರೆಹಮಾನ್ ಆಯೋಗದ ವರದಿಯಲ್ಲಿ ಸೈನ್ಯ ಕೊಟ್ಟ ಲೆಕ್ಕ 26,000. ಸಂಶೋಧಕರ ಅಂದಾಜುಗಳು ಇವೆರಡರ ನಡುವೆ ಹರಡಿವೆ, ಹೆಚ್ಚಿನವು ಲಕ್ಷಗಳಲ್ಲಿ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳನ್ನು ಹೊಸ ಸರ್ಕಾರ 'ಬೀರಾಂಗನಾ' ಎಂದು ಗೌರವಿಸಿತು. ಎಷ್ಟೋ ಮನೆಗಳು ಮಾತ್ರ ಅವರನ್ನು ಒಳಗೆ ಸೇರಿಸಲಿಲ್ಲ.

ಎಲ್ಲರೂ ವಾಪಸ್ ಹೋದರಾ? ಅಸ್ಸಾಮಿನಲ್ಲಿ ಈಗಲೂ 1971ರ ಮಾರ್ಚ್ ಅಂತಾರಲ್ಲ, ಅದೇನು?

ಬಹುತೇಕ ಎಲ್ಲರೂ ಹೋದರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೈನ್ಯ ಶರಣಾಯಿತು. 1972ರ ಫೆಬ್ರವರಿ ಮುಗಿಯುವಷ್ಟರಲ್ಲಿ 90 ಲಕ್ಷಕ್ಕೂ ಹೆಚ್ಚು ಜನ ಲಾರಿ, ರೈಲು, ದೋಣಿಗಳಲ್ಲಿ, ನಡೆದುಕೊಂಡು ಊರು ಸೇರಿದ್ದರು. ಹೊರಡುವಾಗ ದಾರಿಗೆ ಊಟ, ಊರಿನಲ್ಲಿ ಕೆಲವು ದಿನಕ್ಕಾಗುವಷ್ಟು ದಿನಸಿ ಕೊಟ್ಟು ಕಳಿಸಿದರು. ಇಷ್ಟು ಜನ ಇಷ್ಟು ಬೇಗ ಮರಳಿದ್ದು ಜಗತ್ತಿನಲ್ಲೇ ಅಪರೂಪ. ಹೋದವರಿಗೆ ಅಲ್ಲಿ ಸಿಕ್ಕಿದ್ದು ಸುಟ್ಟ ಗೋಡೆ ಮತ್ತು ಬೀಜವಿಲ್ಲದ ಗದ್ದೆ ಅನ್ನುವುದನ್ನೂ ಮರೆಯಬಾರದು.

ಹಾಗೆ ಹೋಗದೆ ಉಳಿದವರು, ಆಮೇಲೆ ಬಂದವರು ಎಷ್ಟು ಎಂಬುದೇ ಅಸ್ಸಾಮಿನ ಜಗಳ. 1985ರ ಅಸ್ಸಾಂ ಒಪ್ಪಂದದ ಪ್ರಕಾರ 1971ರ ಮಾರ್ಚ್ 25 ಅಥವಾ ಅದರ ನಂತರ ಬಂದವರು ವಿದೇಶಿಯರು. ಢಾಕಾದಲ್ಲಿ ಗುಂಡು ಹಾರಿದ ದಿನವೇ ಪೌರತ್ವ ಅಳೆಯುವ ಗೆರೆಯಾಯಿತು. ಇದಕ್ಕೆ ಆಧಾರವಾದ ಪೌರತ್ವ ಕಾಯ್ದೆಯ 6ಎ ಕಲಮನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 17ರಂದು 4-1ರ ತೀರ್ಪಿನಲ್ಲಿ ಎತ್ತಿಹಿಡಿಯಿತು.

ಬಿಹಾರಿ ಮುಸ್ಲಿಮರನ್ನೂ ಕೊಂದರು ಅಂತ ಓದಿದೆ. ಅವರ ಬಗ್ಗೆ ಯಾರೂ ಯಾಕೆ ಮಾತಾಡಲ್ಲ?

ನೀವು ಓದಿದ್ದು ನಿಜ. ದೇಶ ಇಬ್ಭಾಗವಾದಾಗ ಬಿಹಾರ ಮತ್ತು ಸುತ್ತಮುತ್ತಲಿಂದ ಪೂರ್ವಕ್ಕೆ ಹೋದ ಉರ್ದು ಮಾತಿನ ಜನ ಇವರು. ಅವರೂ ಒಂದು ಕಾಲದ ನಿರಾಶ್ರಿತರೇ. 1971ರ ಮಾರ್ಚಿನಲ್ಲಿ ಬಂಗಾಳಿ ಗುಂಪುಗಳು ಅವರಲ್ಲಿ ಅನೇಕರನ್ನು ಕೊಂದವು. ಆಮೇಲೆ ಅವರಲ್ಲಿ ಕೆಲವರು ಸೈನ್ಯದ ಜೊತೆ ಸೇರಿ ಬಂಗಾಳಿಗಳನ್ನು ಕೊಂದರು. ಯುದ್ಧ ಮುಗಿದ ಮೇಲೆ ಸೇಡು ಇಡೀ ಸಮುದಾಯದ ಮೇಲೆ ತಿರುಗಿತು. ಗೆದ್ದವರ ಕಥೆಯಲ್ಲೂ ಸೋತವರ ಕಥೆಯಲ್ಲೂ ಅವರಿಗೆ ಜಾಗ ಇರಲಿಲ್ಲ, ಅದಕ್ಕೇ ಮಾತು ಕಮ್ಮಿ.

1973ರ ದೆಹಲಿ ಒಪ್ಪಂದದಂತೆ ಒಂದಷ್ಟು ಜನರನ್ನು ಪಾಕಿಸ್ತಾನ ಕರೆಸಿಕೊಂಡಿತು, ಉಳಿದವರನ್ನು ಬಿಟ್ಟಿತು. ಅವರು ಬಾಂಗ್ಲಾದೇಶದ ಶಿಬಿರಗಳಲ್ಲೇ ಯಾವ ದೇಶದವರೂ ಅಲ್ಲದೆ ಉಳಿದರು. 1971ರಲ್ಲಿ ಮಕ್ಕಳಾಗಿದ್ದವರು, ಆಮೇಲೆ ಹುಟ್ಟಿದವರು ಬಾಂಗ್ಲಾದೇಶದ ಪ್ರಜೆಗಳು ಎಂದು ಢಾಕಾದ ಹೈಕೋರ್ಟ್ ಹೇಳಿದ್ದು 2008ರಲ್ಲಿ. ಮತದ ಹಕ್ಕು ಬಂತು. ಢಾಕಾದ ಮೊಹಮ್ಮದ್‌ಪುರದಲ್ಲಿ ಜಿನೀವಾ ಕ್ಯಾಂಪ್ ಎಂಬ ಜಾಗ ಇದೆ. ಒಂದೊಂದು ಸಣ್ಣ ಕೋಣೆಯಲ್ಲಿ ಒಂದೊಂದು ದೊಡ್ಡ ಸಂಸಾರ. ಆಗ ತಾತ್ಕಾಲಿಕ ಎಂದು ಹಾಕಿದ ಶಿಬಿರದಲ್ಲಿ ಈಗ ಮೊಮ್ಮಕ್ಕಳು ಬೆಳೆಯುತ್ತಿದ್ದಾರೆ.